ಎಡಮುರಿಯ ಕಾರು ಬಲಮುರಿಯಾಗುವ ಬಗೆ

1964ನೆಯ ಇಸವಿಯ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡ್ ಕಂಪನಿಯವರು ಲೋಕದ ಕಣ್ಣಮುಂದೆ ತಂದು ನಿಲ್ಲಿಸಿದ ಮಸ್ಟಾಂಗ್ ಎಂಬ ಕಾರು, ತನ್ನ ನೀಳವಾದ ಮೂತಿಯಿಂದಲೂ ಮೊಟಕಾದ ಹಿಂಭಾಗದಿಂದಲೂ, ಬೇಕೆಂದವರಿಗೆ ಒದಗುತ್ತಿದ್ದ ಎಂಟು ಸಿಲಿಂಡರುಗಳ ಎಂಜಿನ್ನಿನಿಂದಲೂ, ಒಂದೇ ವರ್ಷದಲ್ಲಿ 4 ಲಕ್ಷಕ್ಕೂ ಮಿಕ್ಕಿ ಗಿರಾಕಿಗಳನ್ನು ಸಂಪಾದಿಸಿಕೊಂಡಿತು. ಅದರ ಕೀರ್ತಿ ಸಾಗರವನ್ನು ದಾಟುವುದಕ್ಕೆ ಬಹುಕಾಲ ಹಿಡಿಯಲಿಲ್ಲ. ಆಸ್ಟ್ರೇಲಿಯದ ಟೂರಿಂಗ್ ಕಾರು ಚಾಂಪಿಯನ್‌ಷಿಪ್ಪನ್ನು 1965ರಲ್ಲಿ ನಾರ್ಮ್ ಬೀಚಿಯೂ, ಅನಂತರದ ನಾಲ್ಕು ವರ್ಷ ಎಡೆಬಿಡದೆ ಇಯನ್ ಗೇಗನ್ನನೂ ಗೆದ್ದುದು ಮಸ್ಟಾಂಗುಗಳಲ್ಲಿಯೇ. ಪಂದ್ಯವನ್ನು ನೋಡಿ ಮನೆಗೆ ಮರಳಿದ ತರುಣನು ಅಂಥದೊಂದನ್ನು ಬಯಸುವುದು ಸಹಜವಷ್ಟೆ. ಆದರೆ ಆ ದೇಶದವರು ನಮ್ಮಂತೆ ರಸ್ತೆಯ ಎಡಗಡೆಯಲ್ಲಿ ಸಾಗುವವರು, ಕಾರ್ಖಾನೆಯಿಂದ ಹೊರಬೀಳುತ್ತಿದ್ದ ಮಸ್ಟಾಂಗುಗಳಾದರೋ ಚಾಲಕನನ್ನು ಎಡಗಡೆಯಲ್ಲಿ ಕೂರಿಸುವಂಥವು. ಸಿಡ್ನಿಯ ಹೋಮ್‌ಬುಷ್ ಕಾರ್ಖಾನೆಯಲ್ಲಿ ಫೋರ್ಡಿನವರೇ 1966ರ ಮಾದರಿಯ ಸುಮಾರು 200 ಕಾರುಗಳನ್ನು ಬಲಬದಿಯ ಚಾಲನೆಗೆ ಮಾರ್ಪಡಿಸಿ ಮಾರಿದರು. ಉಳಿದ ಸಾವಿರಾರು ಅಮೆರಿಕನ್ ಕಾರುಗಳು, ಕ್ಯಾಮರೋ, ಚಾರ್ಜರ್, ಫೈರ್‌ಬರ್ಡ್ ಮೊದಲಾದವು, ಊರೂರ ಗ್ಯಾರೇಜುಗಳ ಕೈಗೆ ಬಂದುವು.

ಸ್ಟೀರಿಂಗನ್ನು ಎಡದಿಂದ ಕಿತ್ತು ಬಲಕ್ಕೆ ನೆಡುವುದರಲ್ಲಿ ಏನು ಮಹಾ ಎಂದು ಮೊದಲ ನೋಟಕ್ಕೆ ತೋರಬಹುದು. ವಾಸ್ತವದಲ್ಲಿ ಅಲ್ಲಿ ನಡೆಯಬೇಕಾದುದು ಸ್ಥಳಾಂತರವಲ್ಲ, ಪ್ರತಿಬಿಂಬನ, ಅದೂ ಪೂರ್ಣಪ್ರತಿಬಿಂಬನವಲ್ಲ. ಕಾರಿನ ಕೆಲವು ಅಂಗಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಬೇಕು, ಕೆಲವನ್ನು ಎಂದಿಗೂ ತಿರುಗಿಸಕೂಡದು, ಇನ್ನು ಕೆಲವು ತಿರುಗಿಸಬೇಕೆಂದರೂ ತಿರುಗಲೊಲ್ಲವು. ಈ ಮೂರರ ವಿವೇಚನೆಯೇ ಈ ಕಸುಬಿನ ಸಾರವೆಂದು ನನ್ನ ಭಾವನೆ.

ತಿರುಗಿಸಬೇಕಾದವುಗಳಲ್ಲಿ ಮುಖ್ಯವಾದುದು ಸ್ಟೀರಿಂಗ್ ಪೆಟ್ಟಿಗೆ. ಆ ಕಾಲದ ಅಮೆರಿಕನ್ ಕಾರುಗಳಲ್ಲಿ ಸ್ಟೀರಿಂಗ್ ದಂಡದ ತುದಿಯಲ್ಲಿ ಒಂದು ತಿರುಪು ಇರುತ್ತದೆ. ಅದರ ಮೇಲೊಂದು ನಟ್ಟು. ಎರಡರ ನಡುವಣ ಕಾಲುವೆಯಲ್ಲಿ ಉಕ್ಕಿನ ಪುಟ್ಟ ಗುಂಡುಗಳು ಉರುಳುತ್ತ, ಒಂದು ಕೊನೆಯನ್ನು ಮುಟ್ಟಿದೊಡನೆ ನಳಿಗೆಯೊಂದರ ಮೂಲಕ ಮೊದಲಿಗೆ ಮರಳುತ್ತ, ಘರ್ಷಣೆಯನ್ನು ಅತ್ಯಲ್ಪಗೊಳಿಸುತ್ತವೆ. ಚಾಲಕನು ಚಕ್ರವನ್ನು ತಿರುಗಿಸಿದಾಗ ನಟ್ಟು ತಿರುಪಿನುದ್ದಕ್ಕೂ ಸರಿಯುತ್ತದೆ. ನಟ್ಟಿನ ಹೊರಮೈಯ ಹಲ್ಲುಗಳು ಅರ್ಧಗೇರೊಂದನ್ನು ಹೊರಳಿಸುತ್ತವೆ. ಅದರ ಅಡಿಯಲ್ಲಿರುವ ಪಿಟ್‌ಮನ್ ತೋಳು ಅತ್ತಿತ್ತ ತೂಗಿ, ಅಡ್ಡಸರಳೊಂದನ್ನು ಎಳೆದು ಅಥವಾ ನೂಕಿ ಮುಂದಿನ ಎರಡು ಗಾಲಿಗಳನ್ನು ತಿರುಗಿಸುತ್ತದೆ. ಅಡ್ಡಸರಳಿನ ಇನ್ನೊಂದು ತುದಿಗೆ ಆಧಾರವಾಗಿ, ಪಿಟ್‌ಮನ್ ತೋಳನ್ನೇ ಹೋಲುವ ಮತ್ತೊಂದು ತೋಳು ಬಲಗಡೆಯ ಚೌಕಟ್ಟಿನಲ್ಲಿ ಜೋತಿರುತ್ತದೆ. ಅದಕ್ಕೆ ಸ್ವತಂತ್ರವಾದ ಶಕ್ತಿಯಿಲ್ಲ, ಜೊತೆಗೆ ತೂಗುವುದೊಂದೇ ಅದರ ಕೆಲಸ. ಮಾರ್ಪಾಡಿನಲ್ಲಿ ಇವೆರಡೂ ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಳ್ಳಬೇಕು.

ಇಲ್ಲಿಯೇ ಸೂಕ್ಷ್ಮವೊಂದಿದೆ. ಎಡಗಡೆಯ ಚೌಕಟ್ಟಿಗೆ ಬೋಲ್ಟುಗಳಿಂದ ಬಿಗಿದಿದ್ದ ಪೆಟ್ಟಿಗೆಯನ್ನು ಇದ್ದ ಹಾಗೆಯೇ ಬಲಕ್ಕೆ ತಂದರೆ, ಅದನ್ನು ಬಿಗಿಯತಕ್ಕ ಮುಖವು ಎಂಜಿನ್ನಿನ ಕಡೆಗೆ ನೋಡುತ್ತಿರುತ್ತದೆ. ಆದುದರಿಂದ ಕನ್ನಡಿಯ ಬಿಂಬದಂತಿರುವ ಬೇರೊಂದು ಪೆಟ್ಟಿಗೆಯೇ ಬೇಕಾಗುತ್ತದೆ. ಹೊರಗವಚವನ್ನು ಮಾತ್ರ ಹಾಗೆ ಎರಕಹೊಯ್ದು, ಒಳಗೆ ಹಳೆಯ ತಿರುಪನ್ನೇ ಕೂರಿಸಿದೆವೆನ್ನೋಣ. ಆಗ ಚಾಲಕನು ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಕಾರು ಎಡಕ್ಕೆ ಹೊರಳುತ್ತದೆ! ಬಲಮುರಿ ಶಂಖವನ್ನು ಕನ್ನಡಿಗೆ ಹಿಡಿದರೆ ಎಡಮುರಿಯಾಗಿ ಕಾಣುವಂತೆ, ತಿರುಪಿನ ಸುತ್ತುಗಳೂ ಪ್ರತಿಬಿಂಬದಲ್ಲಿ ತಮ್ಮ ದಿಕ್ಕನ್ನು ಬದಲಿಸಲೇಬೇಕು. ಎಷ್ಟು ಹೊರಳಿಸಿದರೂ ಎಷ್ಟು ಮಗುಚಿದರೂ ಒಂದು ಇನ್ನೊಂದಾಗದು. ಇಂಥ ವಿರುದ್ಧಸುತ್ತಿನ ತಿರುಪನ್ನು ಸಾಮಾನ್ಯ ಗ್ಯಾರೇಜಿನಲ್ಲಿ ಕಡೆಯುವುದು ಆಗದ ಮಾತು. ಆಸ್ಟ್ರೇಲಿಯದವರ ಅದೃಷ್ಟವೆಂದರೆ, ಮಸ್ಟಾಂಗಿಗೆ ತಾಯಿಯಂತಿದ್ದ ಫಾಲ್ಕನ್ ಕಾರು 1960ರಿಂದಲೇ ಅವರ ದೇಶದಲ್ಲಿ ಬಲಬದಿಯ ಚಾಲನೆಯೊಡನೆ ತಯಾರಾಗುತ್ತಿತ್ತು. ಅದರ ಸ್ಟೀರಿಂಗ್ ಭಾಗಗಳು ಪರಿವರ್ತಕರಿಗೆ ದೈವವೇ ಕೊಟ್ಟ ನಿಧಿಯಾದುವು.

ಇನ್ನು ತಿರುಗಿಸಕೂಡದವು. ಕ್ಲಚ್ಚು ಎಡಕ್ಕೆ, ಬ್ರೇಕು ನಡುವೆ, ಆಕ್ಸಿಲರೇಟರು ಬಲಕ್ಕೆ ಎಂಬ ಕ್ರಮವು ಎರಡು ಬಗೆಯ ಕಾರುಗಳಲ್ಲಿಯೂ ಒಂದೇ. ಕನ್ನಡಿಯ ನಿಯಮವನ್ನು ಅನುಸರಿಸಿ ಪೆಡಲುಗಳ ಸಾಲನ್ನು ಹಿಂದುಮುಂದು ಮಾಡಿದವನ ಕಾರನ್ನು ಓಡಿಸುವ ಧೈರ್ಯ ಯಾರಿಗಿದ್ದೀತು? ಗೇರುಗಳ ವಿನ್ಯಾಸವೂ ಬದಲಾಗದು. ಬಲಗೈ ಮಾಡುತ್ತಿದ್ದ ಕೆಲಸವನ್ನು ಎಡಗೈ ಕಲಿಯಬೇಕಾಗುತ್ತದೆ, ಅಷ್ಟೆ. ವೇಗಮಾಪಕದ ಮುಳ್ಳಂತೂ ತನ್ನ ಹಳೆಯ ದಿಕ್ಕಿನಲ್ಲಿಯೇ ಏರತಕ್ಕುದು.

ತಿರುಗಲೊಲ್ಲದ ಅಂಗವೆಂದರೆ ಎಂಜಿನ್ನು. ವಿ ಆಕಾರದ ಎಂಟು ಸಿಲಿಂಡರುಗಳ ಆ ದೈತ್ಯವು ಹೊರನೋಟಕ್ಕೆ ಎರಡೂ ಪಕ್ಕಗಳಲ್ಲಿ ಸಮವಾಗಿ ಕಂಡರೂ ಒಳಗೆ ಪಕ್ಷಪಾತಿ. ಫೋರ್ಡಿನ ಚಿಕ್ಕ ಎಂಟರಲ್ಲಿಯೂ ಷೆವ್ರೊಲೆಯ ಚಿಕ್ಕ ಎಂಟರಲ್ಲಿಯೂ ಸ್ಟಾರ್ಟರ್ ಮೋಟಾರು ಬಲಪಕ್ಕದಲ್ಲಿರುತ್ತದೆ. ಸ್ಟೀರಿಂಗ್ ದಂಡವು ಇನ್ನುಮುಂದೆ ಅದನ್ನೂ, ಕೆಂಡದಂತೆ ಕಾಯುವ ಹೊಗೆನಳಿಗೆಯನ್ನೂ ತಪ್ಪಿಸಿಕೊಂಡು ನುಸುಳಬೇಕು. ಕ್ರೈಸ್ಲರ್ ಬಳಗದ ಹಲವು ಕಾರುಗಳಲ್ಲಿ ಎಡಗಡೆಯ ಸ್ಟೀರಿಂಗಿಗೆ ಎಡೆಮಾಡಿಕೊಡಲೆಂದು ಎಂಜಿನ್ನನ್ನೇ ಕೊಂಚ ಬಲಕ್ಕೆ ಸರಿಸಿ ಕೂರಿಸಿರುವುದರಿಂದ, ಪರಿವರ್ತಕನಿಗೆ ಜಾಗ ಬೇಕಾದ ಕಡೆಯಲ್ಲಿಯೇ ಜಾಗ ಕಡಿಮೆ. ಚಾಲಕನ ಕಾಲ್ಮುಂದಿನ ತಗಡಿನ ಗೋಡೆಯಲ್ಲಿ ಎಡಗಡೆಯ ರಂಧ್ರಗಳನ್ನು ಮುಚ್ಚಿ ಬಲಗಡೆ ಹೊಸವನ್ನು ಕೊರೆದು, ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ಅತ್ತ ಸಾಗಿಸಿ, ಅಲ್ಲಿದ್ದ ಹೀಟರ್ ಪೆಟ್ಟಿಗೆಯನ್ನು ಇತ್ತ ತಂದು, ಪೆಡಲಿನ ತುಳಿತಕ್ಕೆ ಬಾಗದಂತೆ ಆ ತಗಡನ್ನು ಒಳಗಿನಿಂದ ಬಲಪಡಿಸುವವರೆಗೂ ಕೆಲಸಕ್ಕೆ ಕೊನೆಯಿಲ್ಲ.

ಶ್ರಮವನ್ನು ಉಳಿಸಲು ಕೆಲವರು ಹಿಡಿದ ಅಡ್ಡದಾರಿಗಳನ್ನೂ ಹೇಳಬೇಕು. ಸ್ಟೀರಿಂಗ್ ಪೆಟ್ಟಿಗೆಯನ್ನು ಎಡಗಡೆಯಲ್ಲಿಯೇ ಉಳಿಸಿ, ಡ್ಯಾಶ್‌ಬೋರ್ಡಿನ ಹಿಂದೆ ಚೈನು ಮತ್ತು ಹಲ್ಲುಗಾಲಿಗಳಿಂದ ಬಲಗಡೆಯ ಚಕ್ರದ ಚಲನೆಯನ್ನು ಎಡಕ್ಕೆ ಸಾಗಿಸುವ ಉಪಾಯ ಅವುಗಳಲ್ಲೊಂದು. ಚೈನು ಸಡಿಲವಾದರೆ ಚಕ್ರ ತಿರುಗಿದರೂ ಗಾಲಿ ತಡೆದು ತಿರುಗುತ್ತದೆ. ಕಡಿದರೆ ಗಾಲಿ ತಿರುಗುವುದೇ ಇಲ್ಲ. ಬಡಿದು ಮಾಡಿದ ಉಕ್ಕಿನ ತೋಳುಗಳನ್ನು ಕಾಯಿಸಿ ಬಗ್ಗಿಸುವುದೂ, ಕತ್ತರಿಸಿ ಬೆಸೆಯುವುದೂ ಇದೇ ಜಾತಿಯ ಅಪರಾಧಗಳು. ಈಚಿನವರು ಪೆಟ್ಟಿಗೆಯನ್ನೇ ತೊರೆದು ಹಲ್ಲುಪಟ್ಟಿಯ ಸ್ಟೀರಿಂಗನ್ನು ಅಳವಡಿಸುತ್ತಾರೆ. ಇದು ಒಳ್ಳೆಯ ಮಾರ್ಗವೇ. ಆದರೆ ಪಟ್ಟಿಯ ತುದಿಯ ಕೀಲುಗಳೂ ಗಾಲಿಯನ್ನು ಹಿಡಿದಿರುವ ತೋಳುಗಳ ಕೀಲುಗಳೂ ಒಂದಕ್ಕೊಂದು ಹೊಂದದಿದ್ದರೆ, ಗುಂಡಿಯೊಂದರ ಮೇಲೆ ಗಾಲಿ ಏರಿಳಿದಾಗಲೆಲ್ಲ ಸರಳು ಬೇರೊಂದು ಕಂಸದಲ್ಲಿ ತೂಗಿ, ಚಾಲಕನ ಅಪ್ಪಣೆಯಿಲ್ಲದೆಯೇ ಗಾಲಿಯನ್ನು ಓರೆಗೆ ಎಳೆಯುತ್ತದೆ.

ಸಣ್ಣ ಸಂಗತಿಗಳು ಹಲವು. ಒಂದೇ ದಿಕ್ಕಿಗೆ ಜೋಡಿಯಾಗಿ ಬೀಸುವ ವೈಪರುಗಳು ಎಡಗಂಬದ ಬಳಿಯ ಗಾಜನ್ನು ಒರೆಸಿ ಬಲತುದಿಯನ್ನು ಒದ್ದೆಯಾಗಿ ಬಿಡುತ್ತವೆ. ಮುಂದೀಪಗಳ ಇಳಿಬೆಳಕು ಬಲಕ್ಕೆ ವಾಲಿ, ಎದುರಿಗೆ ಬರುವವನ ಕಣ್ಣು ಕುಕ್ಕುತ್ತದೆ. ಎರಡನ್ನೂ ಬದಲಿಸದ ಕಾರು ಹಗಲಿನ ಬಿಸಿಲಿನಲ್ಲಿ ಮಾತ್ರ ಪರಿವರ್ತಿತವಾದುದೆನ್ನಬೇಕು.

ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಸ್ವೀಡನ್ನಿನವರು 1967ರ ಸೆಪ್ಟೆಂಬರ್ 3ರಂದು ರಸ್ತೆಯ ಬಲಪಕ್ಕಕ್ಕೆ ಬದಲಾಗುವವರೆಗೂ ಬಹುಪಾಲು ಎಡಗಡೆಯ ಸ್ಟೀರಿಂಗಿನ ಕಾರುಗಳಲ್ಲಿಯೇ ಎಡಪಕ್ಕದಲ್ಲಿ ಸಾಗುತ್ತಿದ್ದರು. ಮುಂದಿನ ಲಾರಿಯನ್ನು ಹಿಂದಿಕ್ಕುವಾಗ ಎದುರಿನ ರಸ್ತೆ ಕಾಣದಿರುವುದು ಅಲ್ಲಿನ ದೊಡ್ಡ ಸಂಕಟವಾಗಿತ್ತು. ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 120ನೆಯ ಪ್ರಕರಣವು ಎಡ ಸ್ಟೀರಿಂಗಿನ ಗಾಡಿಗೆ ಯಾಂತ್ರಿಕವೋ ವಿದ್ಯುತ್ತಿನದೋ ಆದ ಸೂಚನಾಸಾಧನವಿರಲೇಬೇಕೆಂದು ವಿಧಿಸುತ್ತದೆ. ಎಡಗಡೆ ಕುಳಿತವನ ಕೈಸನ್ನೆ ರಸ್ತೆಯ ನಡುವಿನವರಿಗೆ ಕಾಣದಷ್ಟೆ. ಆಸ್ಟ್ರೇಲಿಯದ ಬಹುತೇಕ ರಾಜ್ಯಗಳು ಈಗ 30 ವರ್ಷ ಮೀರಿದ ಕಾರುಗಳನ್ನು ಇದ್ದಂತೆಯೇ ಓಡಿಸಗೊಡುವುದರಿಂದ, ಹಳೆಯ ಮಸ್ಟಾಂಗನ್ನು ಕೊಯ್ಯಲೇಬೇಕೆಂಬ ನಿರ್ಬಂಧವಿಲ್ಲ. ಮೂಲರೂಪದಲ್ಲಿ ಉಳಿದುಬಂದ ಅಪೂರ್ವವಾದ ಕಾರನ್ನು ಮುಟ್ಟದಿರುವುದೇ ಲೇಸೆಂಬುದು ನನ್ನ ಮತ. ದಿನನಿತ್ಯ ಮಕ್ಕಳನ್ನು ಕೂರಿಸಿಕೊಂಡು ಓಡಿಸುವವನ ಮತ ಬೇರೆಯಾಗಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ.

2001ರ ಸುಮಾರಿಗೆ ಫೋರ್ಡಿಗಾಗಿ ಟಿಕ್‌ಫರ್ಡ್ ಸಂಸ್ಥೆ ಮೆಲ್ಬರ್ನಿನಲ್ಲಿ ಕೆಲವು ನೂರು ಹೊಸ ಮಸ್ಟಾಂಗುಗಳನ್ನು ಬಿಚ್ಚಿ ಮಾರ್ಪಡಿಸಿದಾಗಲೂ ಇದೇ ಕಥೆ. 2015ರ ಮಾದರಿಯಲ್ಲಿ ಮಾತ್ರ ಕಂಪನಿಯವರು ನಕ್ಷೆಯ ಹಂತದಲ್ಲಿಯೇ ಎರಡೂ ಪಕ್ಕಗಳಿಗೆ ಸ್ಥಳವನ್ನು ಕಾದಿರಿಸಿದರು. ಸ್ಟೀರಿಂಗಿಗೆ ವಿದ್ಯುತ್ತಿನ ನೆರವಿತ್ತು, ಆಕ್ಸಿಲರೇಟರಿನಿಂದ ಎಂಜಿನ್ನಿಗೆ ಸರಳಿನ ಬದಲು ತಂತಿಯಷ್ಟೆ ಹೋಗುತ್ತಿತ್ತು. ಮರುವರ್ಷ ಅದೇ ಕಾರು ಭಾರತಕ್ಕೂ ಬಂದಿತು. ಸೂಚಕದೀಪದ ಕಡ್ಡಿಯನ್ನು ಮಾತ್ರ ಅವರು ಎಡಕ್ಕೇ ಉಳಿಸಿದ್ದರಿಂದ, ಫಾಲ್ಕನ್ನಿನ ಬಲಗಡ್ಡಿಗೆ ಒಗ್ಗಿದ ಆಸ್ಟ್ರೇಲಿಯದವರು ತಿರುವು ಬಂದಾಗ ದೀಪ ಹಾಕಹೋಗಿ ವೈಪರನ್ನು ಬೀಸಿಸುವಂತಾಯಿತು.