ಒಂದು ದಳದಿಂದ ಹೂವು

ಕೈವಾರ, ಕೋನಮಾಪಕಗಳನ್ನು ಹಿಡಿದು 12 ದಳಗಳ ಹೂವನ್ನು ಬರೆದವರು ಅದರ ಪ್ರಯಾಸವನ್ನು ಬಲ್ಲರು. ಮೊದಲ ದಳವು ಅಂದವಾಗಿ ಮೂಡುತ್ತದೆ. ಕೊನೆಯ ದಳಕ್ಕೆ ಸ್ಥಳವೇ ಸಾಲದಾಗುತ್ತದೆ. ಗಣಕಯಂತ್ರದಲ್ಲಾದರೋ ಒಂದು ದಳವನ್ನು ಬರೆದರೆ ಸಾಕು.

ಚಿತ್ರಗಳನ್ನು ತಿದ್ದುವ ತಂತ್ರಾಂಶಗಳಲ್ಲಿ ಫೋಟೋಶಾಪ್ ಪ್ರಸಿದ್ಧವಾದುದು. ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಸೋದರರು ರೂಪಿಸಿದ ಇದನ್ನು ಅಡೋಬಿ ಸಂಸ್ಥೆಯು 1990ರಲ್ಲಿ ಹೊರತಂದಿತು. 1994ರ ಆವೃತ್ತಿಯಲ್ಲಿ ಪದರಗಳು ಬಂದವು. ಪದರವನ್ನು ಪಾರದರ್ಶಕ ಹಾಳೆಯೆಂದು ಭಾವಿಸಬಹುದು. ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದೇ ಚಿತ್ರವಾಗಿ ಕಾಣುತ್ತವೆ; ಆದರೆ ಯಾವುದೇ ಒಂದನ್ನು ಬೇರೆಯಾಗಿ ಸರಿಸಬಹುದು, ತಿರುಗಿಸಬಹುದು, ಕಿರಿದುಗೊಳಿಸಬಹುದು. ಈ ಕ್ರಿಯೆಗಳಿಗೆ ಪರಿವರ್ತನೆ ಎಂದು ಹೆಸರು.

ಒಂದು ಪದರದ ಮೇಲೆ ದಳವನ್ನು ಬರೆದಿದ್ದೇವೆ ಎನ್ನೋಣ. ಕಂಟ್ರೋಲ್, ಆಲ್ಟ್, ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದರ ಪ್ರತಿಯೊಂದು ಪರಿವರ್ತನೆಗೆ ಸಿದ್ಧವಾಗುತ್ತದೆ. ಈಗ ತಿರುಗುವ ಕೇಂದ್ರವನ್ನು ದಳದ ಬುಡಕ್ಕೆ ತರಬೇಕು. ಇದನ್ನು ಮರೆತರೆ ದಳವು ತನ್ನ ನಡುವಿನ ಸುತ್ತಲೇ ತಿರುಗುತ್ತದೆ, ಹೂವು ಅರಳದು. ಅನಂತರ 30 ಡಿಗ್ರಿ ತಿರುಗಿಸಿ ಒಪ್ಪಿಗೆ ಕೊಡಬೇಕು. ಇನ್ನು ಶಿಫ್ಟ್ ಕೀಲಿಯನ್ನೂ ಸೇರಿಸಿ ಆ ಕೀಲಿಗಳನ್ನೇ ಒತ್ತಿದಂತೆಲ್ಲ ಹೊಸ ಪ್ರತಿಯೊಂದು ಮತ್ತೆ 30 ಡಿಗ್ರಿ ತಿರುಗಿ ಕೂಡುತ್ತದೆ. 10 ಸಲ ಒತ್ತಿದರೆ 12 ದಳಗಳು ಪೂರ್ಣವಾಗುತ್ತವೆ. ಹನ್ನೊಂದನೆಯ ಸಲ ಒತ್ತಿದರೆ ಹೊಸ ದಳವು ಮೊದಲನೆಯದನ್ನೇ ಮುಚ್ಚಿ ಕುಳಿತು, ಕಣ್ಣಿಗೆ ಬೀಳದೆ ಹೋಗುತ್ತದೆ!

ತಿರುಗಿಸುವುದರ ಜೊತೆಗೆ ಪ್ರತಿಸಲವೂ ಗಾತ್ರವನ್ನು ಹತ್ತರಲ್ಲಿ ಒಂಬತ್ತು ಪಾಲಿಗೆ ಇಳಿಸಿದರೆ, ಏಳನೆಯ ಪ್ರತಿಯ ಉದ್ದವು ಮೂಲದ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಆಗ ಹೂವಿನ ಬದಲು ಸುರುಳಿಯೊಂದು ದೊರೆಯುತ್ತದೆ.

ಆದರೆ ಯಂತ್ರವು ನಮ್ಮ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಪುನರಾವರ್ತಿಸುತ್ತದೆ. 30ರ ಬದಲು 29 ಡಿಗ್ರಿ ಕೊಟ್ಟರೆ ಎರಡು ದಳಗಳ ನಡುವೆ ವ್ಯತ್ಯಾಸವು ಕಾಣದು. ಸುತ್ತು ಮುಗಿಯುವಾಗ ಕೊನೆಯ ಸಂದಿಯು ಉಳಿದವುಗಳಿಗಿಂತ 12 ಡಿಗ್ರಿಯಷ್ಟು ಹಿಗ್ಗಿರುತ್ತದೆ. 7 ದಳಗಳ ಹೂವಿಗೆ 360ನ್ನು 7ರಿಂದ ಭಾಗಿಸಿದರೆ ಭಾಗಾಕಾರವು ಮುಗಿಯುವುದೇ ಇಲ್ಲ. 51 ಎಂದು ಕೊಟ್ಟರೆ 3 ಡಿಗ್ರಿಯಷ್ಟು ಕೊರತೆ, 51.43 ಎಂದು ಕೊಟ್ಟರೆ ದೋಷವು ಡಿಗ್ರಿಯ ನೂರನೆಯ ಒಂದು ಪಾಲು ಮಾತ್ರ.

ಇನ್ನೊಂದು ದೋಷವು ಇದಕ್ಕಿಂತ ಸೂಕ್ಷ್ಮವಾದುದು. ಛಾಯಾಚಿತ್ರದಂತಹ ಚಿತ್ರಗಳು ಪಿಕ್ಸೆಲ್ ಎಂಬ ಸಣ್ಣ ಚೌಕಗಳಿಂದಾದವು. ಓರೆಯಾಗಿ ತಿರುಗಿಸಿದಾಗ ಪ್ರತಿ ಚೌಕದ ಬಣ್ಣವನ್ನೂ ನೆರೆಯವುಗಳಿಂದ ಅಂದಾಜು ಮಾಡಬೇಕಾಗುತ್ತದೆ. ಪ್ರತಿಯ ಪ್ರತಿಯನ್ನು ತಿರುಗಿಸುತ್ತ ಹೋದಂತೆ ಅಂದಾಜುಗಳು ಸೇರಿ ಅಂಚುಗಳು ಮಸುಕಾಗುತ್ತವೆ. ದಳವನ್ನು ಪಿಕ್ಸೆಲ್‌ಗಳಿಂದಲ್ಲದೆ ರೇಖೆಗಳ ಆಕಾರವಾಗಿ ಬರೆದಿದ್ದರೆ ಈ ತೊಂದರೆಯಿಲ್ಲ. ಆಗ ಕೊನೆಯ ದಳದ ಅಂಚೂ ಮೊದಲನೆಯದರಷ್ಟೇ ಸ್ಪಷ್ಟವಾಗಿರುತ್ತದೆ.