ಗಾಂಜಾ ಗಿಡ: ಪಂಚಾಯಿತಿ ಸದಸ್ಯರ ಹೊಣೆ



ಅರಸೀಕೆರೆಯ ತೆಂಗಿನ ತೋಟವಿರಲಿ, ಬೇಲೂರು, ಹಳೇಬೀಡಿನ ಮುಸುಕಿನ ಜೋಳದ ಹೊಲವಿರಲಿ, ಮನೆಯ ತಾರಸಿಯ ಕುಂಡವಿರಲಿ, ಪರವಾನಗಿಯಿಲ್ಲದೆ ಒಂದೇ ಗಾಂಜಾ ಗಿಡ ಬೆಳೆಸಿದರೂ ಅಪರಾಧವೇ. 1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಪ್ರಕರಣದಂತೆ ಇದಕ್ಕೆ 10 ವರ್ಷಗಳವರೆಗೆ ಕಠಿಣ ಸಜೆ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಬೀಜ ಮತ್ತು ಬರಿಯ ಎಲೆಗಳು ‘ಗಾಂಜಾ’ ಪದದ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂಬುದು ನಿಜ; ಆದರೆ ಆ ವಿನಾಯಿತಿಯು ಗಿಡ ಬೆಳೆಸುವವರಿಗೆ ಅನ್ವಯಿಸದು. ಸ್ನೇಹಿತರು ಬೀಜ ಹಂಚಿದರೆಂಬ ಸಮಜಾಯಿಷಿಯೂ ನಿಲ್ಲದು.

ಸಾಮಾನ್ಯ ಗಾಂಜಾ ಗಿಡವು ಹಗಲು ಕಿರಿದಾಗಿ ಇರುಳು ದೀರ್ಘವಾದಾಗ ಹೂ ಬಿಡುತ್ತದೆ. ‘ಆಟೋಫ್ಲವರಿಂಗ್’ ತಳಿಗಳಾದರೋ ಹಗಲಿನ ಅವಧಿ ಎಷ್ಟೇ ಇದ್ದರೂ ವಯಸ್ಸಿಗನುಸಾರ ಹೂ ಬಿಡುತ್ತವೆ, ಗಿಡವೂ ಗಿಡ್ಡ. ಆದುದರಿಂದ ನಿರ್ದಿಷ್ಟ ಋತುವಿನಲ್ಲಿ, ಎತ್ತರದ ಬೆಳೆಯ ನಡುವೆ ಮಾತ್ರ ಗಮನಿಸಿದರೆ ಸಾಲದು.

47ನೇ ಪ್ರಕರಣವು ನೇರವಾಗಿ ನಮಗೇ ಸಂಬಂಧಿಸಿದ್ದು. ಅಕ್ರಮ ಬೆಳೆಯು ಗಮನಕ್ಕೆ ಬಂದೊಡನೆ ಪೊಲೀಸ್ ಅಥವಾ ಅಬಕಾರಿ ಅಧಿಕಾರಿಗೆ ತಿಳಿಸುವುದು ಸರ್ಕಾರಿ ಅಧಿಕಾರಿಗಳ, ಪಂಚರ, ಸರಪಂಚರ ಹಾಗೂ ಗ್ರಾಮಾಧಿಕಾರಿಗಳ ಕರ್ತವ್ಯ, ಉಪೇಕ್ಷಿಸಿದವರೂ ಶಿಕ್ಷಾರ್ಹರು. ಹಿಡುವಳಿದಾರರ ಮೇಲೆ 46ನೇ ಪ್ರಕರಣವು ಇದೇ ಹೊಣೆ ಹೊರಿಸಿದೆ; ತೋಟವನ್ನು ಗುತ್ತಿಗೆಗೆ ಕೊಟ್ಟು ಊರು ಬಿಟ್ಟವರಿಗೆ ಇದನ್ನು ಅಗತ್ಯವಾಗಿ ತಿಳಿಸಿರಿ. ಪುಂಡಿ ಗಿಡದ ಎಲೆಯೂ ಗಾಂಜಾ ಎಲೆಯನ್ನು ಹೋಲುವುದರಿಂದ, ಅನುಮಾನ ಬಂದಲ್ಲಿ ತಾವೇ ಕಿತ್ತುಹಾಕದೆ, ಊರೊಳಗೆ ಸುದ್ದಿ ಹಬ್ಬಿಸದೆ, ಕೂಡಲೇ ಠಾಣೆಗೆ ತಿಳಿಸಿ ಲಿಖಿತ ಸ್ವೀಕೃತಿ ಪಡೆಯತಕ್ಕದ್ದು.