ಲಾಭದ ಅಂಕಿ ನೋಡಿ ಷೇರು ಕೊಳ್ಳುವ ಮುನ್ನ

ಔಷಧಾಲಯದಲ್ಲಿ ಕೆಲಸ ಮಾಡುವ ನಮಗೆ ತ್ರೈಮಾಸಿಕದ ಕೊನೆಯ ವಾರ ಕ್ಯಾಲೆಂಡರ್ ನೋಡದೆಯೂ ಗೊತ್ತಾಗುತ್ತದೆ. ಮೆಡಿಕಲ್ ರೆಪ್‌ಗಳ ಓಡಾಟ ಹೆಚ್ಚುತ್ತದೆ. ಹತ್ತು ಪೆಟ್ಟಿಗೆಗೆ ಎರಡು ಫ್ರೀ, ಹಣ ನಿಧಾನವಾಗಿ ಕೊಟ್ಟರಾಯಿತು ಎನ್ನುತ್ತಾರೆ. ರೋಗಿಗಳೇನೂ ಹೆಚ್ಚಿರುವುದಿಲ್ಲ, ಕಪಾಟು ಮಾತ್ರ ತುಂಬುತ್ತದೆ. ಹಾಗೆ ತಳ್ಳಿದ ಸರಕೂ ಕಂಪನಿಯ ಪುಸ್ತಕದಲ್ಲಿ ಆ ತ್ರೈಮಾಸಿಕದ ಮಾರಾಟವಾಗಿ ಸೇರಬಹುದು.

ಇದು ಸಣ್ಣ ಆಟವಲ್ಲ. ಅಮೆರಿಕದ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿ 2000 ಮತ್ತು 2001ರಲ್ಲಿ ಬೇಡಿಕೆಗಿಂತ ಹೆಚ್ಚು ಔಷಧವನ್ನು ಸಗಟು ವ್ಯಾಪಾರಿಗಳಿಗೆ ತುಂಬಿ ಮಾರಾಟದ ಗುರಿ ಮುಟ್ಟಿತೆಂದು ಅಲ್ಲಿನ ಷೇರುಪೇಟೆ ನಿಯಂತ್ರಕರು ಆರೋಪಿಸಿದರು. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ, ಕಂಪನಿ 2004ರಲ್ಲಿ 15 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಿತು.

ನಮ್ಮಲ್ಲಿ ಅನೇಕರು ಎನ್‌ಆರ್‌ಇ ಖಾತೆಯಿಂದ ಊರಿನ ಷೇರುಗಳಿಗೆ ಹಣ ಹಾಕುತ್ತೇವೆ. ಮೊಬೈಲಿನಲ್ಲಿ 'ಲಾಭ ಏರಿಕೆ' ಎಂದು ಕಂಡರೆ ಕೈ ತಡೆಯುವುದಿಲ್ಲ. ಆ ಲಾಭದಲ್ಲಿ ಎಷ್ಟು ಪಾಲು ಆಡಳಿತದವರ ಅಂದಾಜು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅಂದಾಜು ಎಂದರೆ ಮೋಸವೆಂದಲ್ಲ. ಆಸ್ಪತ್ರೆ ಡಿಸೆಂಬರಿನಲ್ಲಿ ಚಿಕಿತ್ಸೆ ಕೊಡುತ್ತದೆ, ಇನ್ಶೂರೆನ್ಸ್‌ನವರು ಹಣ ಕೊಡುವುದು ಮಾರ್ಚಿಗೆ. ಆದಾಯ ಡಿಸೆಂಬರಿನದೇ ಎಂದು ಬರೆಯುವುದು ನ್ಯಾಯ. ಆದರೆ ಕ್ಲೈಮುಗಳಲ್ಲಿ ಎಷ್ಟು ತಿರಸ್ಕಾರವಾಗುತ್ತವೆ? ನೂರಕ್ಕೆ ಐದು ಎಂದರೆ ಒಂದು ಲಾಭ, ಹತ್ತು ಎಂದರೆ ಇನ್ನೊಂದು. ಅವಧಿ ಮುಗಿಯುತ್ತಿರುವ, ಯಾರೂ ಕೇಳದ ಔಷಧಿಯನ್ನು ಪೂರ್ಣ ಬೆಲೆಗೇ ದಾಸ್ತಾನಿನಲ್ಲಿ ಇಟ್ಟುಕೊಂಡರೆ ನಷ್ಟ ಮುಂದಿನ ವರ್ಷಕ್ಕೆ ಜಾರುತ್ತದೆ. ನಿಯಮದೊಳಗಿನ ಇಂಥ ಜಾಣತನಕ್ಕೆ 'ಅರ್ನಿಂಗ್ಸ್ ಮ್ಯಾನೇಜ್‌ಮೆಂಟ್' ಎಂಬ ಗೌರವದ ಹೆಸರಿದೆ. ಪ್ರತಿ ಸಲವೂ ಗುರಿಯನ್ನು ಕೂದಲೆಳೆಯಲ್ಲಿ ದಾಟುವ ಕಂಪನಿಯನ್ನು ಕಂಡರೆ ನಮಗೆ ಮೆಚ್ಚುಗೆಗಿಂತ ಅನುಮಾನವೇ ಹೆಚ್ಚು.

ಹಾಗೆಂದು ಲೆಕ್ಕಪತ್ರವೇ ನಿರುಪಯೋಗಿಯಲ್ಲ. ಲಾಭದ ಪಕ್ಕದಲ್ಲಿ ನಗದು ಹರಿವಿನ ಪಟ್ಟಿ ಇರುತ್ತದೆ. ವ್ಯವಹಾರದಿಂದ ಬಂದ ನಗದು ವರ್ಷಗಟ್ಟಲೆ ಲಾಭಕ್ಕಿಂತ ಬಹಳ ಕಡಿಮೆಯಿದ್ದರೆ ಕಾರಣ ಹುಡುಕಬೇಕು. ಮಾರಾಟಕ್ಕಿಂತ ವೇಗವಾಗಿ ಗ್ರಾಹಕರ ಬಾಕಿಯೂ ದಾಸ್ತಾನೂ ಬೆಳೆಯುತ್ತಿದ್ದರೆ, ಯಾರದೋ ಕಪಾಟು ತುಂಬುತ್ತಿದೆ.

ನಗದಿನ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದಕ್ಕೆ ನಮ್ಮ ಅಂಗಳದಲ್ಲೇ ಎನ್‌ಎಂಸಿ ಹೆಲ್ತ್ ಇದೆ. ಕಾಪು ಮೂಲದ ಬಿ.ಆರ್. ಶೆಟ್ಟಿಯವರು ಅಬುಧಾಬಿಯಲ್ಲಿ ಕಟ್ಟಿದ ಸಂಸ್ಥೆ, 2012ರಲ್ಲಿ ಲಂಡನ್ ಷೇರುಪೇಟೆ ಸೇರಿದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟಿದ್ದೆವು. 2019ರ ಡಿಸೆಂಬರಿನಲ್ಲಿ ಅಮೆರಿಕದ ಮಡ್ಡಿ ವಾಟರ್ಸ್, ಇದರ ನಗದು ಮತ್ತು ಸಾಲದ ಲೆಕ್ಕ ನಂಬುವಂತಿಲ್ಲ ಎಂದು ವರದಿ ಹೊರಡಿಸಿತು. ಷೇರು ಬಿದ್ದರೆ ಅವರಿಗೇ ಲಾಭ, ನಿಜ. ಆದರೂ ಅನುಮಾನ ಸುಳ್ಳಾಗಲಿಲ್ಲ. 2019ರ ಜೂನ್ ಅಂತ್ಯಕ್ಕೆ ಸುಮಾರು 210 ಕೋಟಿ ಡಾಲರ್ ಎಂದು ತೋರಿಸಿದ್ದ ಸಾಲ, 2020ರ ಮಾರ್ಚಿನಲ್ಲಿ ಸುಮಾರು 660 ಕೋಟಿ ಎಂದು ಹೊರಬಿತ್ತು. ಏಪ್ರಿಲಿನಲ್ಲಿ ಕಂಪನಿ ಆಡಳಿತಾಧಿಕಾರಿಗಳ ಕೈಸೇರಿತು. ಯಾರ ಹೊಣೆ ಎಷ್ಟು ಎಂಬುದು ನ್ಯಾಯಾಲಯಗಳಿಗೆ ಬಿಟ್ಟದ್ದು. ಷೇರುದಾರರಿಗಂತೂ ಕೈಗೆ ಏನೂ ಉಳಿಯಲಿಲ್ಲ.

ಆದ್ದರಿಂದ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಒಳ್ಳೆಯದು: ಬ್ಯಾಂಕಿನಲ್ಲಿ ಇಷ್ಟು ನಗದಿದ್ದರೆ ಬಡ್ಡಿ ತೆತ್ತು ಮತ್ತೆ ಮತ್ತೆ ಸಾಲವೇಕೆ? ಕೊಟ್ಟ ಬಡ್ಡಿ, ಬಂದ ಬಡ್ಡಿ ಎರಡೂ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಸಿಗುತ್ತವೆ.

ಭಾರತದ ಷೇರುಪೇಟೆಯ ಕಂಪನಿಗಳು ಆಸ್ತಿ-ಹೊಣೆ ಪಟ್ಟಿಯನ್ನೂ ನಗದು ಹರಿವನ್ನೂ ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಹೆಚ್ಚಿನ ಕಂಪನಿಗಳಿಗೆ ಅದು ಸೆಪ್ಟೆಂಬರ್ ಮತ್ತು ಮಾರ್ಚ್ ಅಂತ್ಯದ ಫಲಿತಾಂಶದ ಜೊತೆ. ಜೂನ್, ಡಿಸೆಂಬರ್ ಫಲಿತಾಂಶದಲ್ಲಿ ಸಾಮಾನ್ಯವಾಗಿ ಕಾಣುವುದು ಲಾಭ-ನಷ್ಟ ಮಾತ್ರ. ಆ ಸುದ್ದಿ ಬಂದ ದಿನವೇ ಕೊಳ್ಳುವ ಆತುರವಿದ್ದರೆ, ಮೂರು ತಿಂಗಳು ಕಾಯಬಹುದು.